ಹೆಸರಿನ ಚೌಕಿ

ನಮ್ಮ ಚಿಕ್ಕೋಡಿ ಸೀಮೆಯಲ್ಲಿ ಒಬ್ಬನ ಹೆಸರು ಕೇಳಿದರೆ ಅವನ ಮನೆತನವೇ ಎದ್ದು ಬರುತ್ತದೆ. ಮೊದಲು ತನ್ನ ಹೆಸರು, ನಡುವೆ ತಂದೆಯದು, ಕೊನೆಗೆ ಅಡ್ಡಹೆಸರು. ಮುಂಬಯಿ ಪ್ರಾಂತದಲ್ಲಿದ್ದ ಕಾಲದ ಈ ರೂಢಿ 1956ರಲ್ಲಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಬಿಟ್ಟುಹೋಗಲಿಲ್ಲ. ಮೈಸೂರ ಕಡೆಯವರು ಊರನ್ನೂ ತಂದೆಯನ್ನೂ ಎರಡು ಇನಿಶಿಯಲ್ಲುಗಳಲ್ಲಿ ಮಡಚಿ ಇಟ್ಟುಕೊಳ್ಳುತ್ತಾರೆ. ನಾವು ಬಿಚ್ಚಿ ಹರಡುತ್ತೇವೆ. ಮದುವೆಯಾದ ಹೆಣ್ಣುಮಗಳಿಗೆ ನಡುವಿನ ಹೆಸರು ಬದಲಾಗಿ ಗಂಡನದು ಬಂದು ಕೂಡುವದೂ ಉಂಟು. ಇನ್ನು ನಿಪ್ಪಾಣಿಯ ಕಡೆಗೆ ಹೋದರೆ ಮನೆಯಲ್ಲಿ ಮರಾಠಿ, ಸಂತೆಯಲ್ಲಿ ಕನ್ನಡ, ಕಾಗದದಲ್ಲಿ ಇಂಗ್ಲಿಷು; ಚೌಗುಲೆ ಎಂಬ ಒಂದೇ ಅಡ್ಡಹೆಸರನ್ನು ಮೂರು ಮನೆಯವರು ಇಂಗ್ಲಿಷಿನಲ್ಲಿ ಮೂರು ಬಗೆಯಾಗಿ ಬರೆಯುತ್ತಾರೆ. ಮೂವರದೂ ಸರಿಯೇ.

ಇಂಥ ಹೆಸರುಗಳೆಲ್ಲ ಈ ಸಲದ ವಾರ್ಷಿಕ ಸ್ನೇಹಸಮ್ಮೇಳನದ ಸ್ಪರ್ಧೆಗಳಿಗಾಗಿ ಒಂದೇ ಅರ್ಜಿಯೊಳಗೆ ಬಂದು ಬೀಳುವ ಪ್ರಸಂಗ ಒದಗಿತು. ಕಾಗದದ ಬದಲು ಮೊಬೈಲಿನಲ್ಲಿ ತುಂಬುವ ಅರ್ಜಿ ಬೇಕೆಂದು ಸಮಿತಿಯವರು ನಿಶ್ಚಯಿಸಿ, ಆ ಕೆಲಸವನ್ನು ನನಗೂ ಇಬ್ಬರು ಗೆಳೆಯರಿಗೂ ಒಪ್ಪಿಸಿದರು. ಅಲ್ಲಿ ತುಂಬಿದ ಹೆಸರೇ ಪ್ರಶಸ್ತಿಪತ್ರದಲ್ಲಿ ಅಚ್ಚಾಗತಕ್ಕದ್ದು. ಆದುದರಿಂದ ಒಳಗೆ ಬರುವ ಪ್ರತಿಯೊಂದು ಹೆಸರನ್ನೂ ಬಾಗಿಲಲ್ಲಿಯೇ ನೋಡಿ ಬಿಡುವ ವ್ಯವಸ್ಥೆ ಅವಶ್ಯವಾಯಿತು.

ಬಾಗಿಲಲ್ಲಿ ನೋಡುವದೆಂದರೇನು? ಕೊಲ್ಹಾಪುರದಿಂದ ಬರುವ ಹೆದ್ದಾರಿಯಲ್ಲಿ ನಿಪ್ಪಾಣಿಗೆ ಮುನ್ನ ಕೊಗನೊಳಿ ಸಿಗುತ್ತದೆ. 2021ರಲ್ಲಿ ಕೊರೋನಾ ಪರೀಕ್ಷೆಯ ವರದಿಯಿಲ್ಲದೆ ಬಂದವರನ್ನು ಅಲ್ಲಿಯ ಚೌಕಿಯಿಂದಲೇ ಮರಳಿಸುತ್ತಿದ್ದುದು ಈ ಭಾಗದವರಿಗೆ ನೆನಪಿದ್ದೀತು. ಗಡಿಯಲ್ಲಿ ಒಮ್ಮೆ ಸರಿಯಾಗಿ ನೋಡಿದರೆ ಒಳಗಿನ ಊರೂರಿಗೆ ಮತ್ತೆ ಮತ್ತೆ ನೋಡುವ ಕಾರಣವಿರಬಾರದು, ಅಷ್ಟೇ ಚೌಕಿಯ ತತ್ತ್ವ. ಪ್ರೋಗ್ರಾಮು ಬರೆಯುವವರದೂ ಇದೇ ತತ್ತ್ವ. ಯಾವ ಕಾಲಮಿನಲ್ಲಿ ಎಂಥ ಮಾಹಿತಿ ಇರಬೇಕೆಂಬ ಕರಾರಿನ ಪಟ್ಟಿಗೆ ಅವರು ಸ್ಕೀಮಾ ಎನ್ನುತ್ತಾರೆ. ಆ ಪಟ್ಟಿಯನ್ನು ಬರೆಯಲು, ಬಂದದ್ದನ್ನು ಅದರೊಡನೆ ತಾಳೆ ನೋಡಲು ಸಿದ್ಧ ಸಾಮಗ್ರಿಯ ಗಂಟುಗಳಿವೆ. ಅವಕ್ಕೆ ಲೈಬ್ರರಿ ಎಂದು ಹೆಸರು. (ನಮ್ಮ ಗ್ರಂಥಪಾಲಕರು ಕ್ಷಮಿಸಬೇಕು.) ಪೈಥಾನ್ ಭಾಷೆಗೆ ಪೈಡ್ಯಾಂಟಿಕ್ ಎಂಬುದಿದೆ. ನಾವು ಬಳಸಿದ್ದು ಟೈಪ್‌ಸ್ಕ್ರಿಪ್ಟಿನವರಿಗಾಗಿ ಕಾಲಿನ್ ಮ್ಯಾಕ್‌ಡೊನೆಲ್ ಎಂಬವರು 2020ರಲ್ಲಿ ಹೊರತಂದ ಜಾಡ್. ಹೊಲದ ಜಾಡಿಗೂ ಇದಕ್ಕೂ ಸಂಬಂಧವಿಲ್ಲ.

ಈ ಚೌಕಿದಾರ ಬಲು ಪ್ರಾಮಾಣಿಕ, ಹೇಳಿದಷ್ಟೇ ಮಾಡುವವನು. 'ಹೆಸರು ಪಠ್ಯವಾಗಿರಬೇಕು' ಎಂದು ಬರೆದರೆ, ಏನೂ ತುಂಬದ ಕಾಲಮನ್ನೂ ಒಳಗೆ ಬಿಡುತ್ತಾನೆ. ಖಾಲಿ ಕೊಡವೂ ಕೊಡವೇ ಎಂಬ ತರ್ಕ! 'ಕನಿಷ್ಠ ಒಂದು ಅಕ್ಷರ' ಎಂದು ಸೇರಿಸಿದರೆ, ನಾಲ್ಕು ಸಲ ಬರಿ ಜಾಗ ಒತ್ತಿದವನೂ ದಾಟಿ ಬರುತ್ತಾನೆ. ಅದಕ್ಕಾಗಿ ಅಕ್ಕಪಕ್ಕದ ಖಾಲಿ ಜಾಗವನ್ನು ಮೊದಲು ಕತ್ತರಿಸಿ ಆ ಮೇಲೆ ಎಣಿಸಬೇಕು. ಮೊದಲು ಎಣಿಸಿ ಆ ಮೇಲೆ ಕತ್ತರಿಸಿದರೆ ಕತ್ತರಿಸಿಯೂ ವ್ಯರ್ಥ. ವಯಸ್ಸಿನ ಕಾಲಂ ಇನ್ನೂ ಮೋಜಿನದು. ಬಂದುದನ್ನು ಬಲವಂತದಿಂದ ಸಂಖ್ಯೆಯಾಗಿಸು ಎಂದು ಹೇಳಿಟ್ಟರೆ, ಖಾಲಿ ಬಿಟ್ಟವನ ವಯಸ್ಸು ಸೊನ್ನೆಯಾಗುತ್ತದೆ. ಹುಟ್ಟಿದ ದಿನವೇ ಚರ್ಚಾಸ್ಪರ್ಧೆಗೆ ಬಂದ ಶಿಶು!

ಅರ್ಜಿಯನ್ನು ಎಲ್ಲರಿಗೂ ತೆರೆಯುವ ಮುನ್ನ ನಾವು ಐದು ತಾಲೂಕುಗಳ ಹೆಸರನ್ನೇ ಒಂದೊಂದಾಗಿ ಚೌಕಿಯ ಮುಂದೆ ನಿಲ್ಲಿಸಿ ನೋಡಿದೆವು: ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಹೆಸರಿನ ಕಾಲಮಿಗೆ ಎಲ್ಲ ಕಡೆಗೂ ಚಾಲ್ತಿಯಲ್ಲಿರುವ ಸಿದ್ಧ ನಿಯಮವೊಂದಿದೆ. ಇಂಗ್ಲಿಷಿನ 'ಎ'ಯಿಂದ 'ಝಡ್'ವರೆಗಿನ ಅಕ್ಷರ ಮಾತ್ರ ಸಲ್ಲುವದೆಂದು. ಅದರ ಮುಂದೆ ಕನ್ನಡದಲ್ಲಿ ಬರೆದ ಐದೂ ಹೆಸರು ಬಿದ್ದವು. ಅದು ನಿರೀಕ್ಷಿತವೇ. ಇದಕ್ಕಿಂತ ಉದಾರವಾದ ಎರಡನೆಯ ನಿಯಮ ಜಗತ್ತಿನ ಯಾವ ಲಿಪಿಯ ಅಕ್ಷರವಾದರೂ ಆದೀತು ಎನ್ನುತ್ತದೆ. ಆಶ್ಚರ್ಯವೆಂದರೆ ಅದರ ಮುಂದೆಯೂ ಐದೂ ಬಿದ್ದವು!

ಕಾರಣ ನಮ್ಮ ಕಾಗುಣಿತದಲ್ಲಿದೆ. ಯುನಿಕೋಡ್ ಎಂಬ ಜಾಗತಿಕ ಲಿಪಿಕೋಷ್ಟಕದಲ್ಲಿ ಕನ್ನಡಕ್ಕೆ 128 ಮನೆಗಳನ್ನು ಕೊಟ್ಟಿದ್ದಾರೆ. ಅಲ್ಲಿ 'ಅ', 'ಕ', 'ಥ' ಇವು ಅಕ್ಷರವರ್ಗಕ್ಕೆ ಸೇರಿವೆ. ಆದರೆ ಇಳಿ, ಗುಡಿಸು, ಕೊಂಬು, ಒತ್ತು ಕೊಡಲು ಬೇಕಾದ ಅರ್ಧಾಕ್ಷರದ ಗುರುತು ಇವೆಲ್ಲ ಅಕ್ಷರಗಳಲ್ಲ, 'ಚಿಹ್ನೆ'ಗಳೆಂಬ ಬೇರೆ ವರ್ಗ. ಅಕ್ಷರ ಮಾತ್ರ ಎಂದು ಕಟ್ಟಳೆ ಮಾಡಿದರೆ 'ಅಥಣಿ'ಯ ಕೊನೆಯ ಗುಡಿಸೇ ಅದಕ್ಕೆ ಮುಳುವು. ಇಳಿಯೂ ಗುಡಿಸೂ ಇಲ್ಲದ ಕಮಲ, ಭರತ ಮುಂತಾದ ಬೋಳು ಹೆಸರುಗಳಷ್ಟೇ ದಾಟಿಯಾವು. ಕಾಗವಾಡ, ಶೇಡಬಾಳದ ಕಡೆಯ ಜೈನ ಮನೆಗಳಲ್ಲಿ ಭರತನೂ ಬಾಹುಬಲಿಯೂ ಸಾಮಾನ್ಯ ಹೆಸರುಗಳು. ಪುರಾಣದಲ್ಲಿ ಗೆದ್ದವನು ಬಾಹುಬಲಿ. ನಮ್ಮ ಚೌಕಿಯಲ್ಲಿ ಭರತ ಒಳಗೆ, ಬಾಹುಬಲಿ ಹೊರಗೆ. ಅಥಣಿಯ ಗೆಳೆಯ ಪಕಪಕ ನಕ್ಕು, "ಕಾಗುಣಿತಾ ಕಲೀದಾಂವನ್ನ ಬಾಗಿಲಾಗ ಕುಂದರಿಸಿದ್ರ ಮತ್ತೇನಾಕ್ಕೈತಿ!" ಎಂದ. ನಿಯಮದಲ್ಲಿ ಅಕ್ಷರವರ್ಗದ ಪಕ್ಕಕ್ಕೆ ಚಿಹ್ನಾವರ್ಗವನ್ನೂ ಸೇರಿಸಿದ ಮೇಲೆ ಐದು ತಾಲೂಕುಗಳೂ ಗೌರವದಿಂದ ಒಳಗೆ ಬಂದವು.

ಎಣಿಕೆಯಲ್ಲಿಯೂ ಹೀಗೆಯೇ. 'ಚಿಕ್ಕೋಡಿ' ನಮ್ಮ ಕಣ್ಣಿಗೆ ಮೂರಕ್ಷರ, ಯಂತ್ರಕ್ಕೆ ಎಂಟು. ಹೆಸರು ಇಷ್ಟೇ ಅಕ್ಷರವೆಂದು ಮಿತಿ ಹಾಕುವವರು ಇದನ್ನು ಲಕ್ಷ್ಯದಲ್ಲಿಡಬೇಕು. ಅದಲ್ಲದೆ 'ಕೋ' ಎಂಬುದರ ಸ್ವರಚಿಹ್ನೆಯನ್ನು ಒಂದೇ ಗುರುತಾಗಿಯೂ ಇಡಬಹುದು, ಮೂರು ತುಣುಕುಗಳಾಗಿಯೂ ಇಡಬಹುದು. ಕಣ್ಣಿಗೆ ಭೇದವಿಲ್ಲ, ಯಂತ್ರಕ್ಕೆ ಅವು ಇಬ್ಬರು ಬೇರೆ ಬೇರೆ ವಿದ್ಯಾರ್ಥಿಗಳು. ಎರಡನ್ನೂ ಒಂದೇ ರೂಪಕ್ಕೆ ತಂದು ಆ ಮೇಲೆ ತಾಳೆ ನೋಡುವದು ಕ್ಷೇಮ. ಇನ್ನು 'ರಾಜ್‌ಕುಮಾರ' ಎಂದು ಬರೆಯುವಾಗ ನಡುವೆ ಕಣ್ಣಿಗೆ ಕಾಣದ ಗುರುತೊಂದು ಕೂತಿರುತ್ತದೆ. ಅದಿಲ್ಲದಿದ್ದರೆ 'ಕ'ಕಾರ ಜಾರಿ 'ಜ'ಕಾರಕ್ಕೆ ಒತ್ತಾಗಿ ಬಿಡುತ್ತದೆ. ಕಾಣದ್ದೆಲ್ಲ ಕಸವೆಂದು ಗುಡಿಸುವ ಚೌಕಿದಾರ ಅದನ್ನೂ ಗುಡಿಸಿ ಹುಡುಗನ ಹೆಸರಿನ ಆಕಾರವನ್ನೇ ಕೆಡಿಸಿಯಾನು.

ತಾಲೂಕಿನ ಕಾಲಮಿಗೆ ಮಾತ್ರ ಸಿದ್ಧ ಪಟ್ಟಿ ಸಾಕು, ಅದರಲ್ಲಿ ಒಂದನ್ನು ಆರಿಸಲಿ, ಎಂದು ಒಬ್ಬ ಗೆಳೆಯನ ವಾದ. ಪಟ್ಟಿಯೂ ಜೀವಂತ ವಸ್ತುವೇ ಎಂಬುದನ್ನು ನಮ್ಮ ಸೀಮೆಗಿಂತ ಚೆನ್ನಾಗಿ ಬಲ್ಲವರಾರು? 2014ರ ನವೆಂಬರ್ 1ರಂದು ಬೆಲ್ಗಾಮ್ ಹೋಗಿ ಇಂಗ್ಲಿಷಿನಲ್ಲಿಯೂ ಬೆಳಗಾವಿ ಆಯಿತು. 2018ರಲ್ಲಿ ಚಿಕ್ಕೋಡಿಯಿಂದ ನಿಪ್ಪಾಣಿ, ಅಥಣಿಯಿಂದ ಕಾಗವಾಡ ಬೇರೆಯಾಗಿ ಹೊಸ ತಾಲೂಕುಗಳಾದವು. ಅದಕ್ಕೆ ಮುಂಚಿನ ಪಟ್ಟಿಯನ್ನು ಕಲ್ಲಿನಲ್ಲಿ ಕೊರೆದಿಟ್ಟ ಅರ್ಜಿಗೆ ಕಾಗವಾಡದವನು ಇಂದಿಗೂ ಅಥಣಿಯವನೇ. ನಾವು ಪಟ್ಟಿಯನ್ನು ಬೇರೆ ಕಡತದಲ್ಲಿಟ್ಟೆವು, ತಿದ್ದಲು ಸುಲಭವಾಗಲೆಂದು. ಪಿನ್‌ಕೋಡಿಗೂ '59ರಿಂದ ಆರಂಭ' ಎಂಬ ಕಟ್ಟಳೆ ಹಾಕಲಿಲ್ಲ. ಚಿಕ್ಕೋಡಿಯದು 591201 ಇರಬಹುದು; ಮಿರಜದ್ದು 416410. ಗಡಿಯಾಚೆಯ ಕನ್ನಡ ಮನೆಗಳ ಮಕ್ಕಳು ಈಚೆ ಓದಲು ಬರುವದುಂಟಷ್ಟೆ. ಆರು ಅಂಕಿ, ಮೊದಲನೆಯದು ಸೊನ್ನೆಯಲ್ಲ, ಇಷ್ಟೇ ಸಾಕಾಯಿತು. ಕನ್ನಡ ಅಂಕಿಗಳಲ್ಲಿ ಬರೆದವರನ್ನು ಹಿಂದಕ್ಕೆ ಕಳಿಸದೆ ಅಂಕಿಯನ್ನೇ ಪರಿವರ್ತಿಸಿ ಒಳಗೆ ಕರೆದುಕೊಂಡೆವು.

ಹೆಸರಿನ ವಿಷಯದಲ್ಲಿ ನನಗಿಷ್ಟು ಹಟ ಬರಲು ಬೇರೆ ಕಾರಣವೂ ಇದೆ. ನಿಪ್ಪಾಣಿಯ ಸಹಪಾಠಿಯೊಬ್ಬಳು ಹಿಂದಿನ ವರ್ಷ ವಿದ್ಯಾರ್ಥಿವೇತನಕ್ಕಾಗಿ ಒಂದು ಅರ್ಜಿ ತುಂಬಿದಳು. ಅಂಕಪಟ್ಟಿಯಲ್ಲಿ ಅವಳ ಅಡ್ಡಹೆಸರಿನ ಇಂಗ್ಲಿಷ್ ಕಾಗುಣಿತ ಒಂದು, ಬ್ಯಾಂಕಿನ ಪುಸ್ತಕದಲ್ಲಿ ಮತ್ತೊಂದು. ಅರ್ಜಿ ಮೂರು ಸಲ ಹಿಂದಿರುಗಿತು. ಮೂರು ಸಲವೂ 'ಅಮಾನ್ಯ' ಎಂಬ ಒಂದೇ ಮಾತು. ಯಾವ ಕಾಲಂ, ಯಾವ ಅಕ್ಷರ ಎಂಬ ಸುಳಿವಿಲ್ಲ. ತಾಯಿ ಬೀಡಿ ಕಟ್ಟಿ ತಂದ ಕೂಲಿಯಲ್ಲಿ ಬಸ್ ಪಾಸು, ಅಫಿಡವಿಟ್ಟಿನ ಖರ್ಚು ಎರಡನ್ನೂ ತೆಗೆಯಬೇಕಾಯಿತು. ಹಣ ಬಂದದ್ದು ಪರೀಕ್ಷೆ ಮುಗಿದ ಮೇಲೆ. "ನಮ್ಮ ಅಪ್ಪನ ಹೆಸರ ನಾ ಬರದ್ರ ತಪ್ಪ ಅಂತೈತಿ, ಅದನ್ನ ಬರದಾಂವಗ ನಮ್ಮಪ್ಪ ಗೊತ್ತೇನು?" ಎಂದು ಅವಳು ಕೇಳಿದ್ದಳು. ಪ್ಯಾಟ್ರಿಕ್ ಮೆಕೆಂಝಿ ಎಂಬ ಪ್ರೋಗ್ರಾಮರ್ 2010ರಲ್ಲಿ, ತನ್ನ ವೃತ್ತಿಯವರು ಜನರ ಹೆಸರುಗಳ ಬಗ್ಗೆ ನಂಬಿಕೊಂಡಿರುವ ಸುಳ್ಳುಗಳನ್ನೆಲ್ಲ ಪಟ್ಟಿ ಮಾಡಿದ್ದಾನೆ. ಅದರ ಸಾರವೂ ಈ ಪ್ರಶ್ನೆಗಿಂತ ದೂರವಿಲ್ಲ.

ಆದುದರಿಂದ ಅಡ್ಡಹೆಸರು ಕಡ್ಡಾಯ ಎಂಬ ಮಾತನ್ನೇ ನಾವು ತೆಗೆದುಹಾಕಿ, 'ಪ್ರಶಸ್ತಿಪತ್ರದಲ್ಲಿ ಹೇಗೆ ಅಚ್ಚಾಗಬೇಕೋ ಹಾಗೆ ಬರೆಯಿರಿ' ಎಂದು ಒಂದೇ ಕಾಲಂ ಇಟ್ಟೆವು. ಖಾಲಿ ಬಿಟ್ಟರೆ, ಅಂಕಿ ತುಂಬಿದರೆ ಮಾತ್ರ ತಡೆ. ತಡೆದಾಗಲೂ ಮೊದಲ ತಪ್ಪಿಗೇ ನಿಲ್ಲದೆ, ಎಲ್ಲ ಕಾಲಮುಗಳ ದೋಷವನ್ನು ಒಟ್ಟಿಗೆ, ಕನ್ನಡದಲ್ಲಿ, ಕಾಲಮಿನ ಹೆಸರು ಹಿಡಿದು ತೋರಿಸುವ ಏರ್ಪಾಡು. ಜಾಡ್‌ನಲ್ಲಿ ಇದಕ್ಕೆ ಅನುಕೂಲವಿದೆ. ಕಡೆಗೆ ಹೆಸರನ್ನು ದೊಡ್ಡಕ್ಷರದಲ್ಲಿ ತೋರಿಸಿ 'ಹೀಗೆಯೇ ಅಚ್ಚಾಗಲೇ?' ಎಂದು ಕೇಳುವದು. ಎರಡು ಕಾಗದಗಳಲ್ಲಿಯ ಎರಡು ಕಾಗುಣಿತ ಒಬ್ಬಳದೇ ಎಂದು ತೀರ್ಮಾನಿಸುವ ಶಕ್ತಿ ಯಾವ ಲೈಬ್ರರಿಗೂ ಇಲ್ಲ. ಅದಕ್ಕೆ ಮನುಷ್ಯನೇ ಬೇಕು.

ಅರ್ಜಿ ತೆರೆದ ಎರಡನೆಯ ದಿನ ರಾಯಬಾಗದ ಹುಡುಗನೊಬ್ಬ ತನ್ನ ಹೆಸರನ್ನು ಕನ್ನಡದಲ್ಲಿ, ಅಡ್ಡಹೆಸರನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿದ. ಎರಡು ಲಿಪಿ ಕೂಡಿದರೆ ತಡೆಯಬೇಕೆಂದು ಅಥಣಿಯ ಗೆಳೆಯ, ಬೇಡವೆಂದು ನಾನು. ಅರ್ಧ ತಾಸು ವಾದವಾಯಿತು. ಕೊನೆಗೆ ಹುಡುಗನನ್ನೇ ಕರೆಸಿ ಕೇಳಿದೆವು. "ಇನ್‌ಸ್ಟಾಗ್ರಾಮಿನ್ಯಾಗ ಹಂಗ ಐತ್ರಿ ಅಣ್ಣಾ, ಇರ್ಲಿ ಬಿಡ್ರಿ" ಎಂದ. ಭಾವಗೀತೆಯಲ್ಲಿ ಅವನಿಗೆ ಎರಡನೆಯ ಬಹುಮಾನ ಬಂತು. ಪ್ರಶಸ್ತಿಪತ್ರ ಹಾಗೆಯೇ ಅಚ್ಚಾಯಿತು.