ಇಲ್ಲೇ ಕೂತು ನೋಡಿ ಅಂದರು

ನಾನು ಅಡಿಕೆ ಮರದಿಂದ ಬಿದ್ದದ್ದು ಆಷಾಢದಲ್ಲಿ. ಕಡಹಿನಬೈಲಿನ ನಮ್ಮ ಕಡೆ ಮಳೆ ಹಿಡಿದರೆ ಅಡಿಕೆಗೆ ಕೊಳೆ ಬರುತ್ತದೆ. ಸ್ವಲ್ಪ ಹೊಳವಾದರೂ ಸಾಕು, ಬೋರ್ಡೋ ದ್ರಾವಣ ಹೊಡೆಯಲು ಮರ ಹತ್ತಬೇಕು. ಮರ ಪಾಚಿಗಟ್ಟಿತ್ತು. ಕಾಲಿನ ತಳೆ ಜಾರಿತು. ತೋಟದ ಕಪ್ಪಿನ, ಅಂದರೆ ಬಸಿಗಾಲುವೆಯ, ಅಂಚಿಗೆ ಸೊಂಟ ಬಡಿಯಿತು. ಕಾಲುಗಳು ಕಣ್ಣಿಗೆ ಕಾಣುತ್ತಿದ್ದವು, ನನ್ನವು ಅನ್ನಿಸಲಿಲ್ಲ.

ಓಡಿ ಬಂದವರು ಕೈಕಾಲು ಹಿಡಿದು ಎತ್ತಲು ನೋಡಿದರು. ಹಿರಿಯ ಕೊನೆಗಾರನೊಬ್ಬ ಗದರಿಸಿ ತಡೆದ. ಹಲಗೆ ತರಿಸಿ, ಮೈ ಅಲುಗದಂತೆ ಅದರ ಮೇಲೆ ಮಲಗಿಸಿದ. ಬೆನ್ನಿಗೆ ಪೆಟ್ಟಾದವರನ್ನು ಹಾಗೆಯೇ ಸಾಗಿಸಬೇಕು ಎಂದು ಡಾಕ್ಟರು ಆಮೇಲೆ ಹೇಳಿದರು. ಅವನಿಗೆ ಅದು ಹೇಗೆ ಗೊತ್ತಿತ್ತೋ, ನಾನು ಕೇಳಲಿಲ್ಲ.

ಶಿವಮೊಗ್ಗದಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ರಾಡು, ಸ್ಕ್ರೂ ಹಾಕಿದರು. ಮೂಳೆ ಕೂಡಿತು, ಬೆನ್ನುಹುರಿ ಕೂಡಲಿಲ್ಲ. ಸೊಂಟದ ಕೆಳಗೆ ಮುಟ್ಟಿದರೂ ತಿಳಿಯುವುದಿಲ್ಲ. ಮನೆಗೆ ಬಂದ ಮೇಲೆ ಕೂರುವ ಜಾಗದಲ್ಲಿ ಹುಣ್ಣಾಯಿತು. ವಾಸನೆ ಬಂದಾಗಲೇ ನಮಗೆ ಗೊತ್ತಾದದ್ದು. ಬಿದ್ದ ದಿನಕ್ಕಿಂತ ಆ ದಿನ ಹೆಚ್ಚು ಹೆದರಿದೆ. ಮೈ ಕೊಳೆಯುತ್ತಿತ್ತು, ನನಗೆ ನೋವಿರಲಿಲ್ಲ.

ಕೊಕ್ಕಡದ ಹತ್ತಿರ ಸೌತಡ್ಕದಲ್ಲಿ ಸೇವಾಭಾರತಿಯವರ ಸೇವಾಧಾಮವಿದೆ. ಬೆನ್ನುಹುರಿಗೆ ಪೆಟ್ಟಾದವರಿಗೆಂದೇ ನಡೆಯುವ ಪುನಶ್ಚೇತನ ಕೇಂದ್ರ. ಅಲ್ಲಿಗೆ ಸೇರಿದೆ. ಅಲ್ಲಿ ಮರದಿಂದ ಬಿದ್ದವನು ನಾನೊಬ್ಬನೇ ಆಗಿರಲಿಲ್ಲ. ಹಾಸಿಗೆಯಿಂದ ಗಾಲಿಕುರ್ಚಿಗೆ ದಾಟುವುದು, ಆಗಾಗ ಕೈಯೂರಿ ಮೈ ಎತ್ತುವುದು, ರಾತ್ರಿ ಕನ್ನಡಿ ಹಿಡಿದು ಹಿಂಭಾಗದ ಚರ್ಮ ನೋಡಿಕೊಳ್ಳುವುದು, ಎಲ್ಲ ಕಲಿತೆ.

ಊರಿನವರು ಒಳ್ಳೆಯವರು. ಮದುವೆಮನೆಗಳಲ್ಲಿ ಕುರ್ಚಿ ಸಮೇತ ಎತ್ತಿ ಚಪ್ಪರದೊಳಗೆ ಇಟ್ಟಿದ್ದಾರೆ. ಆದರೆ ಬೀಳುವ ಮುಂಚೆ ನಾನು ವಾಲಿಬಾಲ್ ಆಡುತ್ತಿದ್ದವ. ಬಿದ್ದ ಮೇಲೆ ಸ್ಕೋರ್ ಬರೆಯಲು ಮಾತ್ರ ಕರೆದರು. ಗಾಲಿಕುರ್ಚಿಯ ಆಟ ಎಂದರೆ ನನಗೆ ಗೊತ್ತಿದ್ದದ್ದು ಪದ್ಮಶ್ರೀ ಪಡೆದ ಮಾಲತಿ ಹೊಳ್ಳರ ಹೆಸರೊಂದೇ.

ಒಂದು ಮಳೆಗಾಲ ಅಕ್ಕನ ಮಗ ಗೆಳೆಯರೊಡನೆ ಬೆಂಗಳೂರಿನಿಂದ ಬಂದ. ಕೊಪ್ಪದ ಕಡೆಯ ರೆಸಾರ್ಟೊಂದಕ್ಕೆ ಬಣ್ಣದ ಗುಂಡು ಹಾರಿಸುವ ಪೇಂಟ್‌ಬಾಲ್ ಆಡಲು ಹೊರಟರು. "ಮಾವ, ನೀವೂ ಬನ್ನಿ" ಅಂದ. ಗೇಟಿನಲ್ಲಿದ್ದವರು ನನ್ನನ್ನು ನೋಡಿ, "ಸರ್, ನೀವು ಇಲ್ಲೇ ಕೂತು ನೋಡಿ" ಅಂದರು. ಇಳಿಜಾರು, ಕೆಸರು, ಅವರ ಮಾತಿಗೆ ಕಾರಣ ಇತ್ತು. ಆದರೂ ನನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದು ಚುಚ್ಚಿತು. ಹೊರಡುವಾಗ ಅಲ್ಲಿನ ಕೆಲಸದ ಹುಡುಗನೊಬ್ಬ ಹತ್ತಿರ ಬಂದು, "ಅಣ್ಣ, ಬೇಸಿಗೇಲಿ ಬನ್ನಿ, ಕೆಳಗಿನ ಗದ್ದೆ ಒಣಗಿರುತ್ತೆ" ಅಂದ.

ಬೇಸಿಗೆಯಲ್ಲಿ ಹೋದೆವು. ಆ ಹುಡುಗ ಗದ್ದೆಯ ಒಂದು ಭಾಗ ಸಮ ಮಾಡಿಸಿದ್ದ. ಅಡಗಲು ಇಟ್ಟ ಡ್ರಮ್ಮುಗಳ ನಡುವೆ ಕುರ್ಚಿ ತಿರುಗುವಷ್ಟು ಜಾಗ ಬಿಟ್ಟಿದ್ದ.

ಈ ಬಣ್ಣದ ಬಂದೂಕು ಹುಟ್ಟಿದ್ದು ಆಟಕ್ಕಲ್ಲ, ಕಾಡಿನ ಮರಕ್ಕೂ ದನಕ್ಕೂ ಗುರುತು ಹಾಕಲು. 1981ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಕಾಡಿನಲ್ಲಿ 12 ಜನ ಅದನ್ನು ಹಿಡಿದು ಆಡಿದರು. ಗುಂಡು 17 ಮಿಲಿಮೀಟರಿನದು, ಜೆಲಾಟಿನ್ ಹೊದಿಕೆ, ಒಳಗೆ ತೊಳೆದರೆ ಹೋಗುವ ಬಣ್ಣ. ಸೆಕೆಂಡಿಗೆ 300 ಅಡಿ ಮೀರಬಾರದು ಎಂಬುದು ರೂಢಿಯ ಮಿತಿ. ಅಷ್ಟು ವೇಗಕ್ಕೂ ಚರ್ಮ ಕಂದುತ್ತದೆ. ನನ್ನ ಭಯ ಅದೇ ಆಗಿತ್ತು. ಕಾಲಿಗೆ ಪೆಟ್ಟಾದರೆ ನನಗೆ ತಿಳಿಯುವುದಿಲ್ಲ.

ಹುಡುಗ ವೇಗ ತಗ್ಗಿಸಿದ. ಕಾಲಿನ ಮೇಲೆ ಕಂಬಳಿ ಮಡಚಿ ಕಟ್ಟಿದೆವು. ಮುಖವಾಡ ಎಲ್ಲರಿಗೂ ಕಡ್ಡಾಯ. ಇನ್ನೊಂದು ತೊಡಕು ಕೈಯದು. ಗಾಲಿ ತಿರುಗಿಸಲು ಎರಡೂ ಕೈ ಬೇಕು, ಬಂದೂಕಿಗೆ ಕೈ ಉಳಿಯುವುದಿಲ್ಲ. ಅಕ್ಕನ ಮಗ ಹಿಂದಿನಿಂದ ತಳ್ಳಿದ. ಎಲ್ಲಿಗೆ ಹೋಗಬೇಕೆಂದು ನಾನು ಹೇಳಿದೆ.

ಮೊದಲು ಯಾರೂ ನನಗೆ ಹೊಡೆಯಲಿಲ್ಲ. ಹಾಗಾದರೆ ನಾನು ಮನೆಗೆ ಹೋಗುತ್ತೇನೆ ಎಂದೆ. ಆಮೇಲೆ ಹೊಡೆದರು. ಭುಜಕ್ಕೆ ತಾಗಿದ್ದು ಉರಿಯಿತು. ತೊಡೆಗೆ ತಾಗಿದ್ದು ಕಂಬಳಿಯ ಮೇಲಿನ ಬಣ್ಣ ನೋಡಿ ಗೊತ್ತಾಯಿತು. ನಾನೂ ಇಬ್ಬರನ್ನು ಔಟ್ ಮಾಡಿದೆ. ಅಷ್ಟು ಜೋರಾಗಿ ಕೂಗಿ ಬಹಳ ಕಾಲವಾಗಿತ್ತು.

ರಾತ್ರಿ ಕನ್ನಡಿ ಹಿಡಿದೆ. ತೊಡೆಯ ಮೇಲೆ ಕಂದು ಕಲೆ. ಹುಣ್ಣಾಗಲಿಲ್ಲ, ಮಾಸಿತು.

ಆಟ ಸಾಧ್ಯವಾಯಿತು. ಕಷ್ಟವಾದದ್ದು ಶೌಚಾಲಯ. ಬಾಗಿಲು ಕಿರಿದು, ಕುರ್ಚಿ ಒಳಗೆ ಹೋಗಲಿಲ್ಲ. ಅದಕ್ಕೇ ಬೇಗ ಹೊರಟೆವು.

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 30ನೇ ಸೆಕ್ಷನ್ ನಮಗೆ ಆಟದಲ್ಲಿ ಭಾಗವಹಿಸುವ ಹಕ್ಕಿದೆ ಎನ್ನುತ್ತದೆ, ಆಟದ ಸೌಲಭ್ಯಗಳನ್ನು ನಮಗೆ ಒಗ್ಗುವಂತೆ ಮಾಡಬೇಕು ಎನ್ನುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಸುತ್ತ ಇಂಥ ಆಟದ ಜಾಗ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟೆ. ಒಂದು ತುಂಡು ನೆಲ ಸಮ ಮಾಡಿಸಿ. ಶೌಚಾಲಯಕ್ಕೆ ಅಗಲದ ಬಾಗಿಲು ಇಡಿಸಿ. ಗೇಟಿನಲ್ಲಿ ನಿಂತವರಿಗೆ ಹೇಳಿ: ಆಡುತ್ತೀರಾ ಎಂದು ನಮ್ಮನ್ನೇ ಕೇಳಲಿ.