ಬೇಲಿಯಿಲ್ಲದ ಹೊಲಗಳ ಊರು

ಓದಿಗೋ ಕೆಲಸಕ್ಕೋ ನಿಮ್ಮಲ್ಲಿ ಕೆಲವರು ಇಂಗ್ಲೆಂಡಿಗೆ ಹೋಗುವವರಿದ್ದೀರಿ. ಲಂಡನ್ ನೋಡಿ ಮುಗಿಸಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಲ್ಯಾಕ್ಸ್‌ಟನ್‌ಗೆ ಹೋಗಿ ಬನ್ನಿ. ನಾಟಿಂಗ್‌ಹ್ಯಾಮ್‌ಶೈರಿನ ಒಂದು ಸಣ್ಣ ಹಳ್ಳಿ ಅದು. ಕಿಂಗ್ಸ್ ಕ್ರಾಸ್ ನಿಲ್ದಾಣದಲ್ಲಿ ಉತ್ತರದ ರೈಲು ಹತ್ತಿ ನ್ಯೂವಾರ್ಕ್‌ನಲ್ಲಿ ಇಳಿದರೆ ಅಲ್ಲಿಂದ ರಸ್ತೆಯ ದಾರಿ.

ರೈಲಿನ ಕಿಟಕಿಯಿಂದ ಕಾಣುವ ಹಳ್ಳಿಗಾಡು ಸುಂದರವೇ. ಆದರೆ ಒಂದು ಗಮನಿಸಿ. ಹಸಿರು ಬೇಲಿ ಕಟ್ಟಿದ ಹೊಲ, ಅದರ ನಡುವೆ ಒಂಟಿ ಮನೆ; ಮತ್ತೆ ಬೇಲಿ, ಮತ್ತೊಂದು ಒಂಟಿ ಮನೆ. ರಾತ್ರಿ ಹೆಪ್ಪಿಗೆ ಮೊಸರು ಬೇಕಾದರೆ ಇವರು ಯಾರ ಮನೆಗೆ ಹೋಗುತ್ತಾರೆ ಎಂದು ಮೊದಲ ಸಲ ನನಗೆ ಅನ್ನಿಸಿತ್ತು. ಈ ಬೇಲಿಗಳಲ್ಲಿ ಬಹಳಷ್ಟು ಅನಾದಿಯಿಂದ ಬಂದವಲ್ಲ. ಮುಖ್ಯವಾಗಿ 1750ರಿಂದ 1850ರವರೆಗೆ ಪಾರ್ಲಿಮೆಂಟು ಸಾವಿರಾರು ಕಾಯಿದೆ ಮಾಡಿ, ಊರೊಟ್ಟಿನ ಹೊಲ ಗೋಮಾಳಗಳನ್ನು ತುಂಡು ಮಾಡಿ ಒಬ್ಬೊಬ್ಬರ ಹೆಸರಿಗೆ ಬರೆಯಿತು. ದೊಡ್ಡವರಿಗೆ ದೊಡ್ಡ ತುಂಡು. ಒಂದು ಹಸು ಮೇಯಿಸಿಕೊಂಡಿದ್ದ ಬಡವನಿಗೆ ಹುಲ್ಲೂ ಇಲ್ಲ. ಕೂಲಿ ಹುಡುಕಿಕೊಂಡು ಪಟ್ಟಣ ಸೇರಿದವರು ಎಷ್ಟೋ ಜನ. ಗಿರಣಿ ನಂಬಿ ಮುಂಬಯಿಗೆ ಬಂದವರ ಮೊಮ್ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲ್ಯಾಕ್ಸ್‌ಟನ್ ಮಾತ್ರ ಹಾಗೆ ಪೂರ್ತಿ ಹರಿದು ಹಂಚಿಹೋಗಲಿಲ್ಲ. ಇಲ್ಲಿ ರೈತರ ಮನೆಗಳು ಬೀದಿಯ ಎರಡು ಬದಿಗೆ ಒತ್ತೊತ್ತಾಗಿವೆ. ಕೆಂಪು ಇಟ್ಟಿಗೆ, ಕೆಂಪು ಹೆಂಚು; ಎಷ್ಟೋ ಮನೆಗಳು ಬೀದಿಗೆ ಮುಖ ಕೊಡದೆ ಪಕ್ಕ ತಿರುಗಿಸಿ ಕೂತಿವೆ. ಹೊಲವೆಲ್ಲ ಊರಾಚೆ. ಥೇಟ್ ನಮ್ಮ ಊರುಗಳ ಹಾಗೆ! ವೆಸ್ಟ್ ಫೀಲ್ಡ್, ಮಿಲ್ ಫೀಲ್ಡ್, ಸೌತ್ ಫೀಲ್ಡ್ ಎಂಬ ಮೂರು ದೊಡ್ಡ ಬಯಲುಗಳು, ಒಳಗೆ ಬೇಲಿಯಿಲ್ಲದ ಉದ್ದುದ್ದ ಪಟ್ಟಿಗಳು. ಒಬ್ಬ ರೈತನ ಪಟ್ಟಿಗಳು ಒಂದೇ ಕಡೆ ಇರುವುದಿಲ್ಲ. ಒಳ್ಳೆಯ ಮಣ್ಣೂ ಕೆಟ್ಟ ಮಣ್ಣೂ ಎಲ್ಲರ ಪಾಲಿಗೆ ಬರಲಿ ಎಂಬ ಹಳೆಯ ಲೆಕ್ಕ ಅದು. ಒಂದು ಬಯಲಿಗೆ ಚಳಿಗಾಲದ ಗೋಧಿ, ಇನ್ನೊಂದಕ್ಕೆ ವಸಂತದ ಬೆಳೆ, ಮೂರನೆಯದು ಬೀಳು ಇಲ್ಲವೇ ಹುಲ್ಲು. ವರ್ಷ ವರ್ಷ ಸರದಿ ಬದಲು.

ಬೇಲಿಯಿಲ್ಲದಿದ್ದರೆ ಒತ್ತುವರಿ ತಪ್ಪೀತೆ? ನವೆಂಬರ್ ಕೊನೆಗೆ ಊರಿನ ಪಂಚರು, ಅವರ ಭಾಷೆಯಲ್ಲಿ ಜ್ಯೂರಿ, ಹೊಸದಾಗಿ ಗೋಧಿ ಬಿತ್ತಿದ ಬಯಲಿಗೆ ಹೊರಡುತ್ತಾರೆ. ಗಡಿಯಲ್ಲಿ ಗೂಟ ಹೊಡೆಯುತ್ತಾರೆ. ದಾರಿಯನ್ನೋ ಹುಲ್ಲಿನ ಅಂಚನ್ನೋ ಉತ್ತವನ ಹೆಸರು ಬರೆದುಕೊಳ್ಳುತ್ತಾರೆ. ಮುಂದಿನ ವಾರ ಡವ್‌ಕೋಟ್ ಎಂಬ ಹೆಂಡದಂಗಡಿಯಲ್ಲಿ ಊರ ಕೋರ್ಟು ಸೇರಿ ದಂಡ ಹಾಕುತ್ತದೆ. ದಂಡ ಅಲ್ಪವೇ. ಆದರೆ ಅಕ್ಕಪಕ್ಕದವರ ಎದುರಿಗೆ ಹೆಸರು ಓದಿಸಿಕೊಳ್ಳುವುದಿದೆಯಲ್ಲ! 1977ರ ಕಾಯಿದೆ ಇಂಥ ಕೋರ್ಟುಗಳ ಅಧಿಕಾರ ಕಿತ್ತುಕೊಂಡಾಗಲೂ ಲ್ಯಾಕ್ಸ್‌ಟನ್ನಿನದನ್ನು ಉಳಿಸಿತು. ಹಾಗೆಂದು ಎಲ್ಲ ಹಳೆಯದಾಗಿಯೇ ಇಲ್ಲ. 1635ರಲ್ಲಿ ಮಾರ್ಕ್ ಪಿಯರ್ಸ್ ಬರೆದ ನಕ್ಷೆ ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರೊಳಗಿನ ಪಟ್ಟಿಗಳಿಗೆ ಹೋಲಿಸಿದರೆ ಇಂದಿನವು ಕಡಿಮೆ, ಅಗಲವೂ ಹೆಚ್ಚು. ಭೂಮಿಯ ಒಡೆತನವೂ 1952ರಲ್ಲಿ ಸರ್ಕಾರಕ್ಕೆ ಬಂದು, ಆಮೇಲೆ ಕೈ ಬದಲಾಯಿಸಿದೆ.

ನಾನು ಹೋದಾಗ ಕೆಸರು ಮೊಳಕಾಲಿನವರೆಗೆ. ಬೂಟು ಮರೆಯಬೇಡಿ. ಬಯಲಿನ ಅಂಚಿನಲ್ಲಿ ನಿಂತಿದ್ದ ಮುದುಕರೊಬ್ಬರು ಮಾತಿಗೆ ಸಿಕ್ಕು, ನಿಮ್ಮ ಕಡೆ ಹೊಲದ ಗಡಿ ಹೇಗೆ ಗುರುತಿಸುತ್ತೀರಿ ಎಂದು ಕೇಳಿದರು. ಕಲ್ಲು ನೆಡುತ್ತೇವೆ, ಬದು ಹಾಕುತ್ತೇವೆ ಎಂದೆ. ನಿಮ್ಮದು ಎಲ್ಲಿಂದ ಎಲ್ಲಿಗೆ? ನನಗೆ ಗೊತ್ತಿರಲಿಲ್ಲ. ಪಹಣಿಯಲ್ಲಿ ನನ್ನ ಹೆಸರಿದೆ ಎಂಬುದಷ್ಟೇ ಗೊತ್ತು.

ಆ ರಾತ್ರಿ ಊರಿಗೆ ಫೋನು ಮಾಡಿ ಚಿಕ್ಕಪ್ಪನನ್ನು ಕೇಳಿದೆ. "ಇಷ್ಟು ವರ್ಷಕ್ಕೆ ಇವತ್ತು ನೆನಪಾಯ್ತೇನೋ ನಿನಗೆ?" ಎಂದು ನಕ್ಕರು. ಆಮೇಲೆ ಒಂದೊಂದಾಗಿ ಹೇಳತೊಡಗಿದರು: ಹುಣಸೆಮರದ ಹೊಲ, ಕೆರೆ ಹಿಂದಿನದು, ಅಜ್ಜಿ ಹೊಲ, ಕಲ್ಲು ಕಿತ್ತುಹೋದ ಆ ಮೂಲೆ.