ಸಂಕಲ್ಪವೂ ದಂಡವೂ

ಬನದ ಹುಣ್ಣಿಮೆಗೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯ ಚಕ್ಕಡಿಗಳು ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಸಾಲುಗಟ್ಟಿ ಹೊರಡುವವು. ಇಳುಕಲಿನಲ್ಲಿ ಎತ್ತುಗಳು ಬೆದರಿ, ಗಾಲಿಯ ಕೆಳಗೆ ಒಂದು ಕೂಸು ಸಿಕ್ಕು ಮಡಿಯಿತೆಂದು ಇಟ್ಟುಕೊಂಡರೆ, ಚಕ್ಕಡಿ ಹೊಡೆಯುವವನನ್ನು ಕೊಲೆಗಾರನೆನ್ನಬಹುದೆ? ತಾಯಿಯ ಮಡಿಲಂತೂ ಬರಿದಾಯಿತು.

ಮನುಸ್ಮೃತಿಯ ಎಂಟನೆಯ ಅಧ್ಯಾಯವು ಇಂಥ ಬಂಡಿಯನ್ನೇ ಕುರಿತು ವಿಚಾರಿಸಿದೆ. ಮೂಗುದಾರ ಹರಿದರೆ, ನೊಗ, ಅಚ್ಚು, ಗಾಲಿಗಳು ಮುರಿದರೆ, ಸಾರಥಿಯು ‘ಸರಿಯಿರಿ’ ಎಂದು ಕೂಗಿದ್ದರೆ ದಂಡವಿಲ್ಲ. ಸಾರಥಿಯ ಅಕೌಶಲದಿಂದ ಬಂಡಿಯು ದಾರಿ ತಪ್ಪಿದರೆ ಒಡೆಯನಿಗೆ 200 ಪಣ ದಂಡ. ಕುಶಲನಾದ ಸಾರಥಿಯೇ ತಪ್ಪಿದರೆ ದಂಡವು ಅವನಿಗೆ. ಬಾರದ ಕೈಗೆ ಹಗ್ಗ ಕೊಟ್ಟವನೂ ದೋಷಿಯೆಂಬದು ಇದರ ಮರ್ಮ.

ಇದಕ್ಕೆ ತೀರ ಬೇರೆಯಾದುದು ರಾಮದುರ್ಗದ ಸೀಮೆಯ ಸುರೇಬಾನದಲ್ಲಿ ನಡೆಯಿತು. 1858ರ ಮೇ ತಿಂಗಳಲ್ಲಿ ನರಗುಂದದ ಬಾಬಾಸಾಹೇಬನು ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷ್ ಅಧಿಕಾರಿ ಮ್ಯಾನ್ಸನ್ನನ ಮೇಲೆ ರಾತ್ರಿಯಲ್ಲಿ ಬಿದ್ದು ಅವನನ್ನು ಕೊಲ್ಲಿಸಿದನು; ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದನು. ಇಲ್ಲಿ ಕೈ ತಪ್ಪಿತೆನ್ನುವಂತಿಲ್ಲ, ಸಂಕಲ್ಪವು ಸ್ಪಷ್ಟ. ‘ಬೇಕೆಂದು ಮಾಡಿದನೆ?’ ಎಂದು ನ್ಯಾಯಾಸನವು ಕೇಳುವದು, ‘ಏತಕ್ಕಾಗಿ ಮಾಡಿದನು?’ ಎಂದು ಜನರು ಕೇಳುವರು. ಜನರು ಅವನನ್ನು ವೀರನೆಂದು ನೆನೆಯುವದು ಆ ಹೇತುವಿಗಾಗಿಯೇ.

ಎರಡು ವರುಷಗಳ ತರುವಾಯ, 1860ರಲ್ಲಿ ಆದ ದಂಡಸಂಹಿತೆಯು ಕೊಲ್ಲುವ ಸಂಕಲ್ಪವನ್ನೂ, ಸಾವು ಸಂಭವಿಸೀತೆಂಬ ತಿಳಿವನ್ನೂ ಬೇರೆಬೇರೆಯಾಗಿ ಹೇಳಿತು. ದುಡುಕು ಮತ್ತು ಅಲಕ್ಷ್ಯಗಳಿಂದಾದ ಮರಣಕ್ಕೆ ಮೊದಲು ಪ್ರತ್ಯೇಕ ಕಲಮು ಇರಲಿಲ್ಲ. 1870ರಲ್ಲಿ 304-ಎ ಎಂಬದನ್ನು ಸೇರಿಸಿ 2 ವರುಷಗಳ ವರೆಗಿನ ಸೆರೆಯನ್ನು ವಿಧಿಸಿದರು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು ಅದನ್ನು 5 ವರುಷಗಳಿಗೆ ಏರಿಸಿದೆ. ಎಚ್ಚರವಿಟ್ಟು ನಡೆಯುವಾಗ ದೈವಯೋಗದಿಂದ ಆದುದಕ್ಕೆ ಅಂದೂ ಶಿಕ್ಷೆಯಿಲ್ಲ, ಇಂದೂ ಇಲ್ಲ.

ಆದರೆ ಶಿಕ್ಷೆಯಿಲ್ಲವೆಂದ ಮಾತ್ರಕ್ಕೆ ಎಲ್ಲವೂ ಮುಗಿಯಿತೆ? ಅದೇ ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ತಿಳಿಯದೆ ಮಾಡಿದ ಪಾಪಕ್ಕೂ ಪ್ರಾಯಶ್ಚಿತ್ತವನ್ನು ಹೇಳಿದೆ. ಬೇಕೆಂದು ಮಾಡಿದುದಕ್ಕೆ ಅದು ಬೇರೆ. ದಂಡವನ್ನು ಅರಸನು ವಿಧಿಸುವನು. ಪ್ರಾಯಶ್ಚಿತ್ತವನ್ನು ಮನುಷ್ಯನು ತಾನೇ ಕೈಕೊಳ್ಳುವನು. ನಿರ್ದೋಷಿಯೆಂದು ಬಿಡುಗಡೆ ಹೊಂದಿದ ಚಕ್ಕಡಿಯವನು ಆ ತಾಯಿಯ ಬಾಗಿಲಿಗೆ ಹೋಗಿ ಕೈಮುಗಿದು ನಿಂತರೆ, ಅದನ್ನು ಅಪರಾಧದ ಒಪ್ಪಿಗೆಯೆಂದು ಯಾರೂ ತಿಳಿಯಬಾರದು.